ಸ್ಲೈಡ್ ಹಿಗ್ಗಿಸಿದರೆ ಪೋಸ್ಟರ್ ಆಗುವುದಿಲ್ಲ

ಈ ವರ್ಷದ ಕಾಲೇಜು ಪ್ರದರ್ಶನಕ್ಕೆ ತಯಾರಿ ಶುರುವಾಗಿದೆ. ಒಂದು ವಾರದಿಂದ ಪ್ರಥಮ ಪಿಯುಸಿಯ ಮೂರು ತಂಡದವರು ನನ್ನ ಹತ್ತಿರ ಬಂದು, "ಆಪಾ, ಹೋದ ವರ್ಷದ ನಿಮ್ಮ ಪೋಸ್ಟರ್ ಯಾವ ಆ್ಯಪ್‌ನಲ್ಲಿ ಮಾಡಿದ್ದು?" ಎಂದು ಕೇಳಿದರು. ವಿಶೇಷ ಆ್ಯಪ್ ಏನೂ ಇಲ್ಲ. ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ಸೆಮಿನಾರಿಗೆ ಎಲ್ಲರೂ ಬಳಸುವ ಪವರ್‌ಪಾಯಿಂಟ್‌ನಲ್ಲೇ ಮಾಡಿದ್ದು. ಆದರೆ ಅವರು ನೋಡಿದ್ದು ನಮ್ಮ ಎರಡನೇ ಪೋಸ್ಟರ್. ಮೊದಲನೆಯದು ಪ್ರದರ್ಶನಕ್ಕೆ ಬರಲೇ ಇಲ್ಲ. ಅದು ಈಗಲೂ ನಮ್ಮ ಮನೆಯ ಬೀರುವಿನ ಮೇಲೆ ಸುತ್ತಿಟ್ಟಂತೆಯೇ ಇದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲ ಪೋಸ್ಟರ್‌ನ ಕಥೆ

ನಾವು ಮೂವರು ಗೆಳತಿಯರು ಆರಿಸಿಕೊಂಡ ವಿಷಯ ಸಾಲದ ಬಡ್ಡಿ. ನಮ್ಮ ಬೀದಿಯಲ್ಲಿ ಎಷ್ಟೋ ಮನೆಯ ಹೆಂಗಸರು ಗುಂಪು ಸಾಲ ತೆಗೆದುಕೊಂಡಿದ್ದಾರೆ. ಕಂತು ಎಷ್ಟು ಎಂಬುದು ಎಲ್ಲರಿಗೂ ಗೊತ್ತು, ಬಡ್ಡಿ ಎಷ್ಟು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. 50,000 ರೂಪಾಯಿ ಸಾಲವನ್ನು 24 ತಿಂಗಳಿಗೆ ಶೇಕಡ 12ರ ಫ್ಲಾಟ್ ಬಡ್ಡಿಗೆ ಪಡೆದರೆ ಬಡ್ಡಿ 12,000 ರೂಪಾಯಿ ಆಗುತ್ತದೆ. ಅದೇ ಶೇಕಡ 12ನ್ನು ತಿಂಗಳು ತಿಂಗಳು ಇಳಿಯುವ ಬಾಕಿಯ ಮೇಲೆ ಮಾತ್ರ ಹಾಕಿದರೆ ಬಡ್ಡಿ ಸುಮಾರು 6,488 ರೂಪಾಯಿ. ಎರಡೂ ಕಡೆ ಹೇಳುವುದು "ಶೇಕಡ 12" ಎಂದೇ. ಈ ವ್ಯತ್ಯಾಸವನ್ನು ಪೋಷಕರ ದಿನ ಬರುವ ತಾಯಂದಿರಿಗೆ ತೋರಿಸಬೇಕು ಎಂಬುದು ನಮ್ಮ ಆಸೆ. ನಮ್ಮ ಅಮ್ಮಿ ಓದಿದ್ದು ಉರ್ದು ಶಾಲೆಯಲ್ಲಿ. ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದುವುದು ಬಸ್ಸಿನ ಬೋರ್ಡಿನ ಮಟ್ಟಿಗೆ. ಅವರಂಥವರು ತುಂಬಾ ಜನ ಬರುತ್ತಾರೆ. ಆದ್ದರಿಂದ ಕನ್ನಡ, ಉರ್ದು ಎರಡರಲ್ಲೂ ಬರೆದೆವು.

ಸೆಮಿನಾರಿಗೆ ಮಾಡುವಂತೆ ಒಂದು ಸ್ಲೈಡ್ ತೆರೆದು ಎಲ್ಲವನ್ನೂ ಅದರಲ್ಲಿ ತುಂಬಿದೆವು. ಬುಧವಾರ ಮಧ್ಯಾಹ್ನ ಪೆನ್‌ಡ್ರೈವ್ ಹಿಡಿದುಕೊಂಡು ಪ್ರಿಂಟಿಂಗ್ ಅಂಗಡಿಗೆ ಹೋಗಿ, "ಅಣ್ಣಾ, ಮೂರು ಅಡಿ ಅಗಲ, ಎರಡು ಅಡಿ ಎತ್ತರ" ಎಂದು ಹೇಳಿ, ಕ್ಲಾಸಿಗೆ ಓಡಿ ಬಂದೆವು. ಸಂಜೆ ಹೋದಾಗ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದರು. ಚದರ ಅಡಿಗೆ 40ರಂತೆ 240 ರೂಪಾಯಿ ಕೊಟ್ಟು ತಂದೆವು. ಬಿಚ್ಚಿ ನೋಡಿದ್ದು ಮನೆಯಲ್ಲಿ.

ವೃತ್ತವಾಗಿದ್ದ ಪೈ ಚಾರ್ಟ್ ಮೊಟ್ಟೆಯಾಗಿತ್ತು. ಹೆಸರು, ನಂಬರ್ ಮುಚ್ಚಿ ತೆಗೆದಿದ್ದ ಒಂದು ಸಾಲದ ಕಾರ್ಡಿನ ಫೋಟೋದಲ್ಲಿ ಅಂಕಿಗಳು ಮಂಜಿನಲ್ಲಿ ಕಂಡಂತೆ ಕಾಣುತ್ತಿದ್ದವು. "ಬಡ್ಡಿ" ಎಂಬುದು "ಬಡ್‌ಡಿ" ಆಗಿತ್ತು, "ಲೆಕ್ಕ" ಎಂಬುದು "ಲೆಕ್‌ಕ" ಆಗಿತ್ತು. ಉರ್ದುವಿನದು ಇನ್ನೂ ಕಷ್ಟ. "ಹಿಸಾಬ್" ಎಂದು ಬರೆಯಲು ಹೇ, ಸೀನ್, ಅಲಿಫ್, ಬೇ ಬಲದಿಂದ ಎಡಕ್ಕೆ ಬರಬೇಕು. ಅಲ್ಲಿ ಅಕ್ಷರಗಳು ಕೈ ಬಿಟ್ಟುಕೊಂಡು ಒಂದೊಂದೇ ನಿಂತಿದ್ದವು, ಅದೂ ಎಡದಿಂದ ಬಲಕ್ಕೆ. ಅಮ್ಮಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಬೇಟಾ, ಇದು ಯಾವ ಭಾಷೆ?" ಎಂದು ಕೇಳಿದರು. ಯಾರಿಗಾಗಿ ಮಾಡಿದ್ದೆನೋ ಅವರೇ ಹಾಗೆ ಕೇಳಿದಾಗ ನನಗೆ ಅಳುವೇ ಬಂತು.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗಿ ಕೇಳಿದರೆ, "ನೀವು ಕೊಟ್ಟಿದ್ದನ್ನೇ ಹಾಕಿದ್ದೀನಮ್ಮಾ" ಎಂದರು. ಯೋಚಿಸಿದರೆ ಅವರು ಹೇಳಿದ್ದು ಸರಿಯೇ. ಅವರಿಗೆ ಕೊಟ್ಟಿದ್ದು ಪ್ರಿಂಟಿಗೆ ತಯಾರಾದ ಫೈಲ್ ಅಲ್ಲ. ಅವರು ಅದನ್ನು ತಮ್ಮ ಕೋರಲ್‌ಡ್ರಾದಲ್ಲಿ ಮತ್ತೆ ಜೋಡಿಸಬೇಕಾಗಿ ಬಂದಿತ್ತು. ಕಂಪ್ಯೂಟರ್ ಲ್ಯಾಬಿನ ಸರ್ ಹತ್ತಿರ ಕೂತು ಒಂದೊಂದೇ ತಪ್ಪಿನ ಕಾರಣ ಹುಡುಕಿದೆವು. ಹುಡುಕಿದಾಗ ತಿಳಿದದ್ದನ್ನು ಕೆಳಗೆ ಬರೆದಿದ್ದೇನೆ.

ಮೊದಲು ಅಳತೆ, ಆಮೇಲೆ ಬರವಣಿಗೆ

ಪವರ್‌ಪಾಯಿಂಟ್ ತೆರೆದಾಗ ತಾನಾಗಿ ಬರುವ ಸ್ಲೈಡಿನ ಅಳತೆ 13.33 ಇಂಚು ಅಗಲ, 7.5 ಇಂಚು ಎತ್ತರ. ಇದು ಟಿವಿ ಪರದೆಯ ಆಕಾರ. ನಮ್ಮ ಬೋರ್ಡ್ 36 ಇಂಚು ಅಗಲ, 24 ಇಂಚು ಎತ್ತರ. ಸ್ಲೈಡನ್ನು 36 ಇಂಚು ಅಗಲಕ್ಕೆ ಹಿಗ್ಗಿಸಿದರೆ ಎತ್ತರ 20.25 ಇಂಚು ಮಾತ್ರ ಆಗುತ್ತದೆ. ಉಳಿದ ಪೌಣೇನಾಲ್ಕು ಇಂಚು ಖಾಲಿ. ಆ ಖಾಲಿ ಜಾಗ ತುಂಬಲು ಅಂಗಡಿಯವರು ಮೇಲೆ ಕೆಳಗೆ ಎಳೆದರು, ಪೈ ಚಾರ್ಟ್ ಮೊಟ್ಟೆಯಾಯಿತು.

ಆದ್ದರಿಂದ ಒಂದಕ್ಷರ ಟೈಪ್ ಮಾಡುವ ಮೊದಲೇ ಅಳತೆ ಇಡಿ. ಡಿಸೈನ್ ಟ್ಯಾಬ್‌ನಲ್ಲಿ ಸ್ಲೈಡ್ ಸೈಜ್, ಅದರಲ್ಲಿ ಕಸ್ಟಮ್ ಸ್ಲೈಡ್ ಸೈಜ್ ಒತ್ತಿ, ಅಗಲ 36 ಇಂಚು, ಎತ್ತರ 24 ಇಂಚು ಎಂದು ಬರೆಯಿರಿ. ಎಲ್ಲ ಮುಗಿಸಿದ ಮೇಲೆ ಅಳತೆ ಬದಲಿಸಿದರೆ ಇಟ್ಟ ವಸ್ತುಗಳೆಲ್ಲ ಜಾಗ ಬಿಟ್ಟು ಓಡುತ್ತವೆ. ಎ1 ಹಾಳೆ ಬೇಕಾದರೆ 84.1 ಮತ್ತು 59.4 ಸೆಂಟಿಮೀಟರ್, ಎ0 ಬೇಕಾದರೆ 118.9 ಮತ್ತು 84.1 ಸೆಂಟಿಮೀಟರ್ ಇಡಿ.

ಪವರ್‌ಪಾಯಿಂಟ್‌ಗೆ ಒಂದು ಮಿತಿ ಇದೆ. 56 ಇಂಚಿಗಿಂತ ದೊಡ್ಡ ಸ್ಲೈಡನ್ನು ಅದು ಒಪ್ಪುವುದಿಲ್ಲ. ಆರು ಅಡಿಗೆ ನಾಲ್ಕು ಅಡಿಯ ಬ್ಯಾನರ್ ಬೇಕಾದರೆ ಅದರ ಅರ್ಧ, ಅಂದರೆ 36ಕ್ಕೆ 24 ಇಂಚು ಇಟ್ಟು ಮಾಡಿ, "ಎರಡು ಪಟ್ಟು ಮಾಡಿ ಪ್ರಿಂಟ್ ಹಾಕಿ" ಎಂದು ಅಂಗಡಿಯಲ್ಲಿ ಹೇಳಬೇಕು. ಅಗಲ ಮತ್ತು ಎತ್ತರದ ಅನುಪಾತ ಒಂದೇ ಇದ್ದರೆ ಎಷ್ಟು ಹಿಗ್ಗಿಸಿದರೂ ವೃತ್ತ ವೃತ್ತವಾಗಿಯೇ ಇರುತ್ತದೆ.

ಸುತ್ತಲೂ ಕನಿಷ್ಠ ಒಂದು ಇಂಚು ಖಾಲಿ ಬಿಡಿ. ಕತ್ತರಿಸುವಾಗ ಸ್ವಲ್ಪ ಆಚೀಚೆ ಆದರೂ ಅಕ್ಷರ ತುಂಡಾಗುವುದಿಲ್ಲ.

ಫೋಟೋ ಮಂಜಾಗುವುದು ಏಕೆ?

ಫೋಟೋ ಎಂದರೆ ಚುಕ್ಕಿಗಳ ಲೆಕ್ಕ. ನಮ್ಮ ಸಾಲದ ಕಾರ್ಡಿನ ಫೋಟೋ ವಾಟ್ಸಾಪ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗಿ ಬರುವಷ್ಟರಲ್ಲಿ 960 ಪಿಕ್ಸೆಲ್ ಅಗಲಕ್ಕೆ ಇಳಿದಿತ್ತು. ಅದನ್ನು 18 ಇಂಚು ಅಗಲಕ್ಕೆ ಹಾಕಿದ್ದೆವು. 960ನ್ನು 18ರಿಂದ ಭಾಗಿಸಿದರೆ ಇಂಚಿಗೆ 53 ಚುಕ್ಕಿ. ಹತ್ತಿರ ನಿಂತು ನೋಡುವ ಪೋಸ್ಟರಿಗೆ ಇಂಚಿಗೆ 150 ಇದ್ದರೆ ಚೆನ್ನ, 100ಕ್ಕಿಂತ ಕಡಿಮೆಯಾದರೆ ಕಣ್ಣಿಗೆ ಗೊತ್ತಾಗುತ್ತದೆ. ಅದೇ ಫೋಟೋದ ಮೂಲ ಫೈಲ್ ಗೆಳತಿಯ ಮೊಬೈಲಿನಲ್ಲಿ 4,000 ಪಿಕ್ಸೆಲ್ ಅಗಲ ಇತ್ತು. 18ರಿಂದ ಭಾಗಿಸಿದರೆ 222. ಮೂಲ ಫೈಲನ್ನು ಕೇಬಲ್ ಹಾಕಿ ತೆಗೆದುಕೊಳ್ಳಿ, ಇಲ್ಲವಾದರೆ ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ. ಆಗ ಅದು ಕುಗ್ಗುವುದಿಲ್ಲ.

ಇಷ್ಟಾದ ಮೇಲೂ ಪವರ್‌ಪಾಯಿಂಟ್ ಸೇವ್ ಮಾಡುವಾಗ ತಾನೇ ಫೋಟೋಗಳನ್ನು ಕುಗ್ಗಿಸುತ್ತದೆ. ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್ ಒಳಗೆ ಫೋಟೋಗಳನ್ನು ಕಂಪ್ರೆಸ್ ಮಾಡಬೇಡ ಎಂಬ ಚೌಕ ಇದೆ. ಅದಕ್ಕೆ ಟಿಕ್ ಹಾಕಿಯೇ ಕೆಲಸ ಶುರು ಮಾಡಿ.

ಕಾಲೇಜಿನ ಲಾಂಛನವನ್ನು ನಾವು ಗ್ರೂಪಿನ ಡಿಪಿಯಿಂದ ತೆಗೆದಿದ್ದೆವು. ಹಾಗೆ ಮಾಡಬೇಡಿ, ಆಫೀಸಿನಲ್ಲಿ ಕೇಳಿದರೆ ಮೂಲ ಫೈಲ್ ಕೊಡುತ್ತಾರೆ. ಚಾರ್ಟುಗಳನ್ನು ಸ್ಕ್ರೀನ್‌ಶಾಟ್ ತೆಗೆದು ಅಂಟಿಸಬೇಡಿ. ಎಕ್ಸೆಲ್‌ನಿಂದ ಚಾರ್ಟ್ ಆಗಿಯೇ ಕಾಪಿ ಮಾಡಿ. ಚಾರ್ಟ್ ಮತ್ತು ಅಕ್ಷರಗಳು ಚುಕ್ಕಿಗಳಲ್ಲ, ಗೆರೆಗಳು. ಎಷ್ಟು ದೊಡ್ಡದು ಮಾಡಿದರೂ ಅಂಚು ಚೂಪಾಗಿಯೇ ಇರುತ್ತದೆ.

ನಮ್ಮ ಅಕ್ಷರಗಳು ಒಡೆಯುವುದು ಏಕೆ?

ಇಂಗ್ಲಿಷ್ ಪೋಸ್ಟರ್ ಮಾಡುವವರಿಗೆ ಈ ಕಷ್ಟ ಅಷ್ಟಾಗಿ ಬರುವುದಿಲ್ಲ. ಕನ್ನಡ, ಉರ್ದು ಬರೆಯುವ ನಮಗೆ ಬರುತ್ತದೆ. ಕಾರಣ ತಿಳಿದುಕೊಂಡರೆ ಪರಿಹಾರ ಸುಲಭ.

"ಬಡ್ಡಿ" ಎಂದು ನಮಗೆ ಎರಡು ಅಕ್ಷರ ಕಾಣುತ್ತದೆ. ಯೂನಿಕೋಡ್‌ನಲ್ಲಿ ಕಂಪ್ಯೂಟರ್ ಅದನ್ನು ಐದು ಗುರುತುಗಳಾಗಿ ಇಟ್ಟುಕೊಳ್ಳುತ್ತದೆ: ಬ, ಡ, ಅರ್ಧಾಕ್ಷರದ ಗುರುತು, ಮತ್ತೆ ಡ, ಕೊನೆಗೆ ಗುಡಿಸು. ಒತ್ತಕ್ಷರ ಎಂಬುದು ಅಲ್ಲಿ ಪ್ರತ್ಯೇಕವಾಗಿ ಇಲ್ಲ. ಈ ಐದನ್ನೂ ಸೇರಿಸಿ "ಬಡ್ಡಿ" ಎಂದು ಚಿತ್ರಿಸುವುದು ಸಾಫ್ಟ್‌ವೇರ್ ಮತ್ತು ಫಾಂಟ್‌ನ ಕೆಲಸ. ಹೊಸ ಪವರ್‌ಪಾಯಿಂಟ್‌ಗೆ ಅದು ಗೊತ್ತು. ಹಳೆಯ ಕೋರಲ್‌ಡ್ರಾಗೆ ಗೊತ್ತಿಲ್ಲ. ಉರ್ದುವೂ ಹೀಗೆಯೇ. ಒಂದೇ ಅಕ್ಷರ ಪದದ ಮೊದಲಲ್ಲಿ ಒಂದು ರೂಪ, ನಡುವೆ ಒಂದು, ಕೊನೆಯಲ್ಲಿ ಒಂದು, ಒಂಟಿಯಾಗಿ ನಿಂತರೆ ಇನ್ನೊಂದು. ಈ ಜೋಡಣೆ ಗೊತ್ತಿಲ್ಲದ ಸಾಫ್ಟ್‌ವೇರ್ ಎಲ್ಲವನ್ನೂ ಒಂಟಿ ರೂಪದಲ್ಲಿ, ಅದೂ ಎಡದಿಂದ ಬಲಕ್ಕೆ ಇಟ್ಟುಬಿಡುತ್ತದೆ. ಅಮ್ಮಿ ನೋಡಿದ್ದು ಅದನ್ನೇ.

ಪ್ರಿಂಟಿಂಗ್ ಅಂಗಡಿಗಳಲ್ಲಿ ಕನ್ನಡಕ್ಕೆ ಹಳೆಯ ನುಡಿ ಫಾಂಟುಗಳನ್ನು ಬಳಸುವುದು ಈ ಕಾರಣಕ್ಕೇ. ಅದರಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಇಟ್ಟಿರುತ್ತಾರೆ, ಒತ್ತಕ್ಷರಗಳೂ ಸಿದ್ಧವಾಗಿಯೇ ಇರುತ್ತವೆ. ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಬರಹ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತದೆ. ನಾವು ಮೊಬೈಲಿನಲ್ಲಿ, ಲ್ಯಾಬಿನಲ್ಲಿ ಟೈಪ್ ಮಾಡುವುದು ಯೂನಿಕೋಡ್. ಎರಡೂ ಬೇರೆ ಬೇರೆ. ಒಂದರಿಂದ ಇನ್ನೊಂದಕ್ಕೆ ಸುಮ್ಮನೆ ಕಾಪಿ, ಪೇಸ್ಟ್ ಮಾಡಿದರೆ ಬರುವುದಿಲ್ಲ.

ಕನ್ನಡಕ್ಕೆ ವಿಂಡೋಸ್‌ನಲ್ಲೇ ಇರುವ ನಿರ್ಮಲಾ ಯುಐ ಅಥವಾ ಉಚಿತವಾಗಿ ಸಿಗುವ ನೋಟೋ ಸಾನ್ಸ್ ಕನ್ನಡ ಸಾಕು. ಉರ್ದುವಿಗೆ ನಾವು ನೋಟೋ ನಸ್ತಾಲಿಕ್ ಉರ್ದು ಬಳಸಿದೆವು. ನಸ್ತಾಲಿಕ್ ಬರಹ ಬಲದ ಮೇಲಿನಿಂದ ಎಡದ ಕೆಳಕ್ಕೆ ಇಳಿಯುತ್ತದೆ, ಅದಕ್ಕೆ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. ಕನ್ನಡಕ್ಕೂ ಮೇಲೆ ಗುಡಿಸು, ಕೆಳಗೆ ಒತ್ತು ಇರುವುದರಿಂದ ಇಂಗ್ಲಿಷಿಗಿಂತ ಜಾಸ್ತಿ ಬೇಕು. ಉರ್ದು ಪ್ಯಾರಾಗಳಿಗೆ ಬಲದಿಂದ ಎಡಕ್ಕೆ ಎಂಬ ಬಟನ್ ಒತ್ತಬೇಕು. ಸುಮ್ಮನೆ ಬಲಕ್ಕೆ ಜರುಗಿಸಿದರೆ ಸಾಲದು. ಆ ಬಟನ್ ಕಾಣದಿದ್ದರೆ ಮೊದಲು ಕಂಪ್ಯೂಟರಿನ ಭಾಷೆಗಳಲ್ಲಿ ಉರ್ದು ಸೇರಿಸಿ.

ಅಂಗಡಿಗೆ ಪಿಡಿಎಫ್ ಕೊಡಿ

ಪವರ್‌ಪಾಯಿಂಟ್ ಫೈಲನ್ನು ಅಂಗಡಿಗೆ ಕೊಡಲೇಬೇಡಿ. ಸೇವ್ ಆ್ಯಸ್‌ನಲ್ಲಿ ಪಿಡಿಎಫ್ ಆರಿಸಿ, ಕೆಳಗೆ ಮಿನಿಮಮ್ ಸೈಜ್ ಬಿಟ್ಟು ಸ್ಟ್ಯಾಂಡರ್ಡ್ ಇಡಿ. ಪಿಡಿಎಫ್ ಒಳಗೆ ಫಾಂಟ್ ಕೂಡ ಜೊತೆಗೆ ಹೋಗುತ್ತದೆ, ಅಕ್ಷರಗಳು ಜೋಡಿಸಿದಂತೆಯೇ ಇರುತ್ತವೆ.

ಅಂಗಡಿಯವರು ಪಿಡಿಎಫ್ ಅನ್ನೂ ಕೋರಲ್‌ಡ್ರಾ ಒಳಗೆ ತೆರೆಯಬಹುದು. ಆಗ ಅಕ್ಷರಗಳನ್ನು ಟೆಕ್ಸ್ಟ್ ಆಗಿ ತರಬೇಕೋ, ಕರ್ವ್ಸ್ ಆಗಿ ತರಬೇಕೋ ಎಂದು ಅದು ಕೇಳುತ್ತದೆ. "ಅಣ್ಣಾ, ಕರ್ವ್ಸ್ ಇಡಿ" ಎಂದು ಹೇಳಿ. ಟೆಕ್ಸ್ಟ್ ಎಂದರೆ ಮತ್ತೆ ಒಡೆಯುವ ಭಯ. ಕರ್ವ್ಸ್ ಎಂದರೆ ಪ್ರತಿ ಅಕ್ಷರವೂ ಗೆರೆಯ ಚಿತ್ರವಾಗುತ್ತದೆ, ಒಡೆಯಲು ಏನೂ ಉಳಿಯುವುದಿಲ್ಲ.

ಪಿಡಿಎಫ್ ಆಗುವುದೇ ಇಲ್ಲ ಎಂದರೆ ಸ್ಲೈಡನ್ನು ಚಿತ್ರವಾಗಿ ಸೇವ್ ಮಾಡಿ ಕೊಡಬಹುದು. ಇಲ್ಲೂ ಅಳತೆಯ ಮಹತ್ವ ನೋಡಿ. ಪವರ್‌ಪಾಯಿಂಟ್ ಸಾಮಾನ್ಯವಾಗಿ ಇಂಚಿಗೆ 96 ಚುಕ್ಕಿಯಂತೆ ಚಿತ್ರ ಮಾಡುತ್ತದೆ. 36 ಇಂಚಿನ ಸ್ಲೈಡ್ ಆದರೆ 3,456 ಪಿಕ್ಸೆಲ್ ಸಿಗುತ್ತದೆ, ಪರವಾಗಿಲ್ಲ. ತಾನಾಗಿ ಬರುವ 13.33 ಇಂಚಿನ ಸ್ಲೈಡ್ ಆದರೆ 1,280 ಮಾತ್ರ. ಅದನ್ನು ಮೂರು ಅಡಿಗೆ ಹಿಗ್ಗಿಸಿದರೆ ಇಂಚಿಗೆ ಸುಮಾರು 36 ಚುಕ್ಕಿ, ಎಲ್ಲವೂ ಮಂಜು.

ಬಣ್ಣದ ಬಗ್ಗೆ ಒಂದು ಮಾತು. ಪರದೆ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಪ್ರಿಂಟರ್ ಶಾಯಿಯಿಂದ. ಪರದೆಯಲ್ಲಿ ಹೊಳೆಯುವ ಹಸಿರು ಕಾಗದದ ಮೇಲೆ ಮಂಕಾಗುತ್ತದೆ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಮುಖ್ಯ ಅಂಕಿಗೆ ಒಂದೇ ಗಾಢ ಬಣ್ಣ ಇಟ್ಟರೆ ನಿರಾಸೆ ಇಲ್ಲ. ಪ್ಲಾಸ್ಟಿಕ್ ಫ್ಲೆಕ್ಸ್ ಕೇಳಬೇಡಿ. ರಾಜ್ಯ ಸರ್ಕಾರ 2016ರಲ್ಲೇ ಅದನ್ನು ನಿಷೇಧಿಸಿದೆ. ಒಳಾಂಗಣಕ್ಕೆ ದಪ್ಪ ಕಾಗದ ಸಾಕು. ಹೊಳಪಿಲ್ಲದ ಮ್ಯಾಟ್ ಕಾಗದ ಕೇಳಿ. ಹೊಳಪಿನ ಕಾಗದದಲ್ಲಿ ಟ್ಯೂಬ್‌ಲೈಟ್ ಪ್ರತಿಫಲಿಸಿ ಅರ್ಧ ಬರಹ ಕಾಣುವುದೇ ಇಲ್ಲ.

ಎ4 ಪ್ರೂಫ್: ಅತಿ ಅಗ್ಗದ ವಿಮೆ

ಪೋಸ್ಟರ್ ಕೊಡುವ ಮೊದಲು ಅದೇ ಪಿಡಿಎಫ್ ಅನ್ನು ಎ4 ಹಾಳೆಗೆ ಕುಗ್ಗಿಸಿ ಪ್ರಿಂಟ್ ತೆಗೆಯಿರಿ. ಎ4 ಹಾಳೆಯ ಅಗಲ ನಮ್ಮ ಪೋಸ್ಟರ್‌ನ ಮೂರನೇ ಒಂದು ಭಾಗಕ್ಕೆ ಹತ್ತಿರ. ಅದನ್ನು ಕೈ ಚಾಚಿ, ಸುಮಾರು ಎರಡು ಅಡಿ ದೂರದಲ್ಲಿ ಹಿಡಿದು ಓದಲು ಬಂದರೆ, ದೊಡ್ಡ ಪೋಸ್ಟರನ್ನು ಆರು ಅಡಿ ದೂರದಿಂದ ಓದಬಹುದು. ನಾವು ಕೊನೆಗೆ ಇಟ್ಟದ್ದು ಶೀರ್ಷಿಕೆಗೆ 120 ಪಾಯಿಂಟ್, ಉಪಶೀರ್ಷಿಕೆಗೆ 60, ಉಳಿದದ್ದಕ್ಕೆ 40. 72 ಪಾಯಿಂಟ್ ಎಂದರೆ ಒಂದು ಇಂಚು. ಇಷ್ಟು ದೊಡ್ಡ ಅಕ್ಷರ ಇಟ್ಟಾಗ ನಮ್ಮ ಬರಹದ ಅರ್ಧಕ್ಕರ್ಧ ಹೊರಗೆ ಹೋಯಿತು. ಬಡ್ಡಿಯ ವ್ಯಾಖ್ಯಾನ, ಮುನ್ನುಡಿ, ಧನ್ಯವಾದ ಎಲ್ಲ ತೆಗೆದೆವು. ಉಳಿದದ್ದು ಎರಡು ಸಾಲ, ಎರಡು ಕಂತು, ಎರಡು ಮೊತ್ತ. ಅಂಕಿಗಳನ್ನು ನಡುವೆ ದೊಡ್ಡದಾಗಿ ಇಟ್ಟು, ಎಡಕ್ಕೆ ಕನ್ನಡ, ಬಲಕ್ಕೆ ಉರ್ದು ಬರೆದೆವು. ಅಂಕಿ ಎಲ್ಲರಿಗೂ ಒಂದೇ ಅಲ್ಲವೇ?

ಈ ಎ4 ಹಾಳೆಯನ್ನು ನೀವೇ ನೋಡಿದರೆ ಸಾಲದು. ಬರೆದವರ ಕಣ್ಣಿಗೆ ತಪ್ಪು ಕಾಣುವುದಿಲ್ಲ. ಪೋಸ್ಟರ್ ಯಾರಿಗಾಗಿಯೋ ಅವರಿಗೆ ಕೊಟ್ಟು, ಏನೂ ವಿವರಿಸದೆ ಓದಿಸಿ. ಗುರುವಾರ ರಾತ್ರಿ ನಾನು ಅಮ್ಮಿಗೆ ಕೊಟ್ಟೆ. ಉರ್ದು ಸರಾಗವಾಗಿ ಓದುತ್ತಾ ಹೋದರು. ಒಂದು ಕಡೆ ನಿಂತು ನಕ್ಕರು. "62,000 ಕೊಟ್ಟು 50,000 ವಾಪಸ್ ಪಡೆಯುವ ಸಾಲ ಯಾವುದು ಬೇಟಾ?"

ನಾನು ಬರೆದಿದ್ದು 50,000, ಬಾಣದ ಗುರುತು, 62,000. ಆದರೆ ಬಲದಿಂದ ಎಡಕ್ಕೆ ಹೋಗುವ ಸಾಲಿನಲ್ಲಿ 50,000 ಬಲಕ್ಕೆ ಹೋಗಿ, 62,000 ಎಡಕ್ಕೆ ಬಂದಿತ್ತು. ಬಾಣ ಮಾತ್ರ ತಿರುಗದೆ ಬಲಕ್ಕೇ ಮುಖ ಮಾಡಿ ನಿಂತಿತ್ತು. ಲೆಕ್ಕ ಪೂರ್ತಿ ಉಲ್ಟಾ! ನಾವು ಮೂವರೂ, ಲ್ಯಾಬಿನ ಸರ್ ಕೂಡ, ನೋಡಿಯೂ ಕಂಡಿರಲಿಲ್ಲ. ಬಾಣ ತೆಗೆದು "ಪಡೆದದ್ದು", "ಕಟ್ಟಿದ್ದು" ಎಂದು ಪದದಲ್ಲೇ ಬರೆದೆವು. ಎ4 ಪ್ರಿಂಟಿಗೆ ಖರ್ಚಾದದ್ದು ಹತ್ತು ರೂಪಾಯಿ. ಅದು ಉಳಿಸಿದ್ದು ಇನ್ನೊಂದು 240.

ಶುಕ್ರವಾರ ಅಂಗಡಿಯಲ್ಲಿ ನಿಂತೇ ಪ್ರಿಂಟ್ ಹಾಕಿಸಿದೆವು. ಪ್ರಿಂಟ್ ಒತ್ತುವ ಮೊದಲು ಅವರ ಪರದೆಯ ಮೇಲೆ ಪ್ರತಿ ಸಾಲನ್ನೂ ಬೆರಳಿಟ್ಟು ನೋಡಿದೆವು. ಹಣಕ್ಕೆ ನಾನು ಕೂಡಿಟ್ಟಿದ್ದ ಈದಿ ಮುರಿಯಬೇಕಾಯಿತು. ಮನೆಗೆ ತರುವ ಮೊದಲು ಅಂಗಡಿಯ ನೆಲದ ಮೇಲೇ ಬಿಚ್ಚಿ ನೋಡಿದೆವು.

ಪ್ರದರ್ಶನದ ದಿನ

ಶನಿವಾರ ಬಂದ ತಾಯಂದಿರಲ್ಲಿ ಒಬ್ಬರು ಪೋಸ್ಟರ್ ಮುಂದೆ ಬಹಳ ಹೊತ್ತು ನಿಂತರು. ಎರಡು ಮೊತ್ತಗಳ ಮೇಲೆ ಬೆರಳಾಡಿಸಿ, ಚೀಲದಿಂದ ತಮ್ಮ ಸಾಲದ ಕಾರ್ಡ್ ತೆಗೆದು, "ನನ್ನದು ಇದರಲ್ಲಿ ಯಾವುದಮ್ಮಾ?" ಎಂದು ಕೇಳಿದರು. ಕಾರ್ಡಿನಲ್ಲಿ ವಾರದ ಕಂತು ಬಿಟ್ಟರೆ ಬೇರೇನೂ ಇರಲಿಲ್ಲ. ನಮಗೆ ಉತ್ತರ ಹೇಳಲು ಆಗಲಿಲ್ಲ. "ಬಡ್ಡಿ ಫ್ಲಾಟಾ, ಇಳಿಯುವ ಬಾಕಿಯ ಮೇಲಾ ಎಂದು ಅವರನ್ನೇ ಕೇಳಿ" ಎಂದೆವು. ಆ ಎರಡು ಪದಗಳನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋದರು. ಮೊದಲ ಪೋಸ್ಟರ್ ಅಲ್ಲಿ ತೂಗಿದ್ದರೆ ಅವರು ನಿಲ್ಲುತ್ತಿರಲಿಲ್ಲ.

ಈ ವರ್ಷ ಪೋಸ್ಟರ್ ಮಾಡುವವರು ಗುರುವಾರ ಊಟದ ಬಿಡುವಿನಲ್ಲಿ ಲ್ಯಾಬಿಗೆ ಬನ್ನಿ. ಬೀರುವಿನ ಮೇಲಿನ ಆ ಮೊದಲ ಪೋಸ್ಟರನ್ನೂ ತರುತ್ತೇನೆ. ಮೇಲೆ ಬರೆದ ತಪ್ಪುಗಳಲ್ಲಿ ಹೆಚ್ಚಿನವು ಒಂದೇ ಹಾಳೆಯಲ್ಲಿ ನೋಡಲು ಸಿಗುತ್ತವೆ. ಬರುವಾಗ ನಿಮ್ಮ ಎ4 ಪ್ರೂಫ್ ಮರೆಯಬೇಡಿ.